ಮಾವನ ಲಾರಿಯ ಎರಡನೇ ಟ್ಯಾಂಕು

ಹದಿನಾರು ವರ್ಷಗಳಿಂದ ನಾನು ಹತ್ತನೇ ತರಗತಿಯ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುತ್ತ ಬಂದಿದ್ದೇನೆ. ಈ ಹದಿನಾರು ವರ್ಷಗಳಲ್ಲಿ ಒಂದೇ ಒಂದು ತಂತಿಯನ್ನೂ ಬಿಚ್ಚಿ ಕೂಡಿಸಿದವನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಥ ಪ್ರಸಂಗವೂ ಬಂದಿರಲಿಲ್ಲ. ಶಹಾಪುರದ ನಮ್ಮ ಶಾಲೆಯ ಪ್ರಯೋಗಾಲಯವೆಂದರೆ ಒಂದು ಕಬ್ಬಿಣದ ಅಲಮಾರು. ಅದರ ಬೀಗದ ಕೈ ನಾನು ನೌಕರಿಗೆ ಸೇರುವ ಮೊದಲೇ ಕಳೆದುಹೋಗಿತ್ತು. ಹೀಗಾಗಿ ನನ್ನ ವಿದ್ಯುತ್ತು ಸೀಮೆಸುಣ್ಣದಿಂದ ಹುಟ್ಟಿ ಡಸ್ಟರಿನಿಂದ ಸಾಯುತ್ತಿತ್ತು. ಹಲಗೆಯ ಮೇಲೆ ಒಂದು ಬ್ಯಾಟರಿ, ಒಂದು ಸ್ವಿಚ್ಚು, ಒಂದು ಬಲ್ಬು ಬರೆದು, ನಡುವೆ ಗೆರೆ ಎಳೆದು, ಬಲ್ಬಿನ ಸುತ್ತ ನಾಲ್ಕು ಕಿರಣ ಹಾಕಿದರೆ ಆಯಿತು, ದೀಪ ಹತ್ತಿತು. ಹದಿನಾರು ವರ್ಷ ಒಮ್ಮೆಯೂ ಹತ್ತದೆ ಉಳಿದಿಲ್ಲ. ಒಂದು ಕೆಲಸವನ್ನು ಎಂದೂ ಮಾಡದವನಿಗೆ ಆ ಕೆಲಸದಲ್ಲಿ ಸೋಲು ಎಂಬುದೇ ಇರುವುದಿಲ್ಲವಲ್ಲ. ಆ ಕಾರಣಕ್ಕೆ ನನಗೆ ವಿದ್ಯುತ್ತಿನ ವಿಷಯದಲ್ಲಿ ಅಪಾರವಾದ ಧೈರ್ಯವಿತ್ತು.

ನನ್ನ ಅಕ್ಕ ನಾಗಮ್ಮನನ್ನು ದೋರನಹಳ್ಳಿಗೆ ಕೊಟ್ಟಿದೆ. ಅವಳ ಗಂಡ ಭೀಮರಾಯ ಮಾವ. ನಾವು ಸಗರದವರು, ಜೋಳ ತಿಂದು ಬೆಳೆದವರು. ಅಕ್ಕನ ಮದುವೆಯಾದಾಗ ಆ ಮನೆಯಲ್ಲೂ ಜೋಳ, ತೊಗರಿ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ. ಆಮೇಲೆ ಕಾಲುವೆ ಬಂತು. ಕಾಲುವೆಯ ಜೊತೆಗೆ ನಮ್ಮ ಕಡೆ ಅನ್ನವೂ ಬಂತು, ಸೊಳ್ಳೆಯೂ ಬಂತು. ಮೊದಲು ನೆಂಟರು ಬಂದರೆ ಮಾತ್ರ ಅನ್ನ ಮಾಡುತ್ತಿದ್ದರು. ಈಗ ರೊಟ್ಟಿ ಬೇಕೆಂದರೆ ಯಾರ ಮನೆಗಾದರೂ ನೆಂಟರಾಗಿ ಹೋಗಬೇಕು. ಎರಡು ಬೆಳೆ ಭತ್ತ ಕೈಗೆ ಬಂದ ಮೇಲೆ ಮಾವ ಎತ್ತುಗಳನ್ನು ಕೊಟ್ಟು, ರಾಯಚೂರಿನ ಕಡೆಯವರೊಬ್ಬರಿಂದ ಹಳೆಯ ಲಾರಿಯೊಂದನ್ನು ತಂದರು. ಎತ್ತುಗಳು ಹೋದವೇ ಹೊರತು ಅವುಗಳ ಅಭ್ಯಾಸ ಹೋಗಲಿಲ್ಲ. ಏರು ಬಂದಾಗ ಮಾವ ಗೇರು ಬದಲಿಸುತ್ತ ನಾಲಗೆಯಿಂದ ಟಕ್ ಟಕ್ ಎಂದು ಸದ್ದು ಮಾಡುತ್ತಾರೆ. ಲಾರಿ ಏರು ಹತ್ತಿದ ಮೇಲೆ ಸ್ಟಿಯರಿಂಗನ್ನು ಒಮ್ಮೆ ಸವರುತ್ತಾರೆ. ಪಕ್ಕದಲ್ಲಿ ಕುಳಿತವರು ನಕ್ಕರೆ, "ನಗಬ್ಯಾಡ್ರಿ, ಅದಕ್ಕ ತಿಳೀತದ" ಎನ್ನುತ್ತಾರೆ.

ಈ ಲಾರಿಗೆ ಒಂದು ವಿಶೇಷವಿತ್ತು. ಎಲ್ಲ ಲಾರಿಗಳಿಗೆ ಡೀಸೆಲ್ಲಿನ ಟ್ಯಾಂಕು ಒಂದಿದ್ದರೆ ಇದಕ್ಕೆ ಎರಡು. ಹಿಂದಿನ ಮಾಲೀಕ ದೂರದೂರಿನ ಬಾಡಿಗೆಗೆ ಹೋಗುವವನಾಗಿದ್ದರಿಂದ ಎಡಗಡೆಗೆ ಇನ್ನೊಂದು ಟ್ಯಾಂಕು ಕೂಡಿಸಿಕೊಂಡಿದ್ದ. ಅದರ ಪಕ್ಕದಲ್ಲೇ, ಲಾರಿಯ ಅಡಿಯಲ್ಲಿ, ತೆಂಗಿನಕಾಯಿಯಷ್ಟು ದೊಡ್ಡ ಪಂಪೊಂದನ್ನು ಬಿಗಿದಿದ್ದ. ಕ್ಯಾಬಿನ್ನಿನಲ್ಲಿ ಸ್ವಿಚ್ಚು ಒತ್ತಿದರೆ ಪಂಪು ಗುಂಯ್ ಎಂದು ಓಡಿ, ಎರಡನೇ ಟ್ಯಾಂಕಿನ ಡೀಸೆಲ್ಲನ್ನು ಮೊದಲನೆಯ ಟ್ಯಾಂಕಿಗೆ ದಾಟಿಸುತ್ತಿತ್ತು. ಮಾವನಿಗೆ ಇದರ ಬಗ್ಗೆ ಬಹಳ ಅಭಿಮಾನ. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲು ಒಮ್ಮೆ ಆ ಸ್ವಿಚ್ಚು ಒತ್ತಿ ಸದ್ದು ಕೇಳಿಸುತ್ತಿದ್ದರು.

ಅದು ಸುಗ್ಗಿಯ ಕಾಲದ ಒಂದು ರವಿವಾರ. ಅಕ್ಕ ಹೊಸ ಅಕ್ಕಿಯ ಊಟಕ್ಕೆ ಕರೆದಿದ್ದಳು. ನಾನು, ನನ್ನ ಹೆಂಡತಿ ಮಹಾದೇವಿ ಇಬ್ಬರೂ ಬೆಳಗಿನ ಬಸ್ಸಿಗೆ ಹೋದೆವು. ಹೋಗಿ ನೋಡಿದರೆ ಮನೆಗೆ ಬೀಗ. ಪಕ್ಕದ ಮನೆಯವರು, "ಎಲ್ಲಾರೂ ಹೊಲದಾಗ ಹಾರ್ರಿ, ಮಾಡ ಆಗ್ಯಾದಲ್ರಿ" ಎಂದರು. ಎಲ್ಲಿಯೋ ಸಮುದ್ರದಲ್ಲಿ ಎದ್ದ ಗಾಳಿ ಕಾಲವಲ್ಲದ ಕಾಲದಲ್ಲಿ ನಮ್ಮ ಕಡೆ ಮೋಡ ಕವಿಸಿತ್ತು. ಅಕ್ಕನ ಇಡೀ ವರ್ಷದ ಭತ್ತ ಕಾಲುವೆಯ ದಂಡೆಯ ಮೇಲೆ ಒಣಗಲು ಹರವಿಕೊಂಡು ಬಿದ್ದಿತ್ತು. ನಾವು ಅಲ್ಲಿಗೆ ಹೋದಾಗ ಹೆಣ್ಣುಮಕ್ಕಳು ಭತ್ತವನ್ನು ಗುಂಪಿ ಮಾಡಿ ಚೀಲ ತುಂಬುತ್ತಿದ್ದರು. ಮಹಾದೇವಿ ಸೆರಗು ಕಟ್ಟಿ ಅವರ ಜೊತೆ ಸೇರಿಕೊಂಡಳು. ಚೀಲಗಳನ್ನು ಒಯ್ಯಬೇಕಾದ ಲಾರಿ ಮಾತ್ರ ದಂಡೆಯ ದಾರಿಯಲ್ಲಿ, ಭತ್ತದಿಂದ ನೂರು ಮಾರು ದೂರದಲ್ಲಿ ನಿಂತುಬಿಟ್ಟಿತ್ತು. ಮಾವ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಏನಾತ್ರಿ ಮಾವ?" ಎಂದೆ.

"ಮೊದಲನೇ ಟ್ಯಾಂಕ್ ಖಾಲಿ ಆಗ್ಯಾದ. ಎರಡನೇದು ತುಂಬಿ ತುಳಕಾಕತ್ತದ. ಸ್ವಿಚ್ ಒತ್ತಿದ್ರ ಪಂಪ್ ಉಸರ ಬಿಡವಲ್ದು" ಎಂದರು. ಅವರ ಖಾಯಂ ಎಲೆಕ್ಟ್ರಿಶಿಯನ್ ಸುರಪುರದವನು. ಅವತ್ತು ಯಾದಗಿರಿಗೆ ಮದುವೆಗೆ ಹೋಗಿದ್ದನಂತೆ. "ಡೀಸೆಲ್ಲಿಂದೇನ್ ತಕಲೀಫ್ ಅಲ್ಲ, ವೈರಿಂಗಿನ ತಕಲೀಫ್" ಎಂದು ಸೇರಿಸಿದರು.

ಆ ಕೊನೆಯ ಮಾತನ್ನು ಅವರು ಆಡಬಾರದಿತ್ತು. ವೈರಿಂಗು ಎಂಬ ಶಬ್ದ ಕಿವಿಗೆ ಬೀಳುತ್ತಲೇ ಹದಿನಾರು ವರ್ಷಗಳ ಸೀಮೆಸುಣ್ಣದ ಧೂಳೆಲ್ಲ ನನ್ನೊಳಗೆ ಎದ್ದು ನಿಂತಿತು. ನಾನು ಅಂಗಿಯ ತೋಳು ಮಡಿಸಿದೆ. "ಐದು ನಿಮಿಷ ಕೊಡ್ರಿ ಮಾವ, ನೋಡತೀನಿ" ಎಂದೆ. ಮಾವ ನನ್ನ ಬಿಳಿ ಅಂಗಿಯನ್ನು, ಆಮೇಲೆ ಮೋಡವನ್ನು, ಆಮೇಲೆ ಮತ್ತೆ ನನ್ನ ಅಂಗಿಯನ್ನು ನೋಡಿ, "ನೋಡಪಾ ಮಾಸ್ತರ" ಎಂದರು.

ಪುಸ್ತಕದ ಪ್ರಕಾರ ಕೆಂಪು ತಂತಿಯಲ್ಲಿ ಕರೆಂಟು ಬರುತ್ತದೆ, ಕಪ್ಪು ತಂತಿಯಲ್ಲಿ ಹೋಗುತ್ತದೆ. ಲಾರಿಯ ಅಡಿಯಲ್ಲಿ ಅಂಗಾತ ಮಲಗಿ ನೋಡಿದರೆ ಅಲ್ಲಿದ್ದ ತಂತಿಗಳೆಲ್ಲ ಎರೆಮಣ್ಣಿನ ಬಣ್ಣದವು. ಉಗುಳು ಹಚ್ಚಿ ಒಂದನ್ನು ಒರೆಸಿದೆ, ಹಸಿರು ಬಂತು. ಇನ್ನೊಂದನ್ನು ಒರೆಸಿದೆ, ಅರ್ಧದವರೆಗೆ ಹಳದಿ, ಅಲ್ಲಿಂದ ಮುಂದೆ ನೀಲಿ. ಹಿಂದಿನ ಮಾಲೀಕ ಎಲ್ಲೆಲ್ಲಿ ತಂತಿ ಕಡಿದಿತ್ತೋ ಅಲ್ಲಲ್ಲಿ ಕೈಗೆ ಸಿಕ್ಕ ತುಂಡು ಸೇರಿಸಿಕೊಂಡು ಹೋಗಿದ್ದ. ಹೊರಗಿನಿಂದ ಮಾವ, "ಏನರ ಕಂಡ್ತೇನು?" ಎಂದು ಕೇಳಿದರು. ನಾನು, "ಕಾಣಾಕತ್ತದ್ರಿ" ಎಂದೆ. ಕಣ್ಣಿಗೆ ಬಿದ್ದ ಮಣ್ಣಿನಿಂದಾಗಿ ನಿಜವಾಗಿ ಏನೂ ಕಾಣುತ್ತಿರಲಿಲ್ಲ.

ಆದರೂ ಬಿಡಲಿಲ್ಲ. ಕ್ರಮವಾಗಿ ಹೋಗಬೇಕು ಎಂದು ಮಕ್ಕಳಿಗೆ ಹೇಳುವವನು ನಾನೇ ಅಲ್ಲವೇ. ಮೊದಲು ಫ್ಯೂಸು ತೆಗೆದು ನೋಡಿದೆ, ಸುಟ್ಟಿರಲಿಲ್ಲ. ಸ್ವಿಚ್ಚು ಬಿಚ್ಚಿ ನೋಡಿದೆ. ಒಳಗೆ ಒಂದು ಸತ್ತ ಇರುವೆ ಬಿಟ್ಟರೆ ಎಲ್ಲ ಸರಿಯಿತ್ತು. ಇರುವೆಯನ್ನು ತೆಗೆದು ಮತ್ತೆ ಕೂಡಿಸಿದೆ, ಪಂಪು ಓಡಲಿಲ್ಲ. ಇರುವೆಯ ಮೇಲಿದ್ದ ಅನುಮಾನ ಹೋಯಿತು. ಮಾವನ ಸಾಮಾನಿನ ಡಬ್ಬಿಯಲ್ಲಿ ಎರಡು ತಂತಿ ಜೋಡಿಸಿದ ಸಣ್ಣ ಬಲ್ಬೊಂದು ಇತ್ತು. ಮಿಸ್ತ್ರಿಗಳು ಕರೆಂಟು ಬಂದಿದೆಯೋ ಇಲ್ಲವೋ ನೋಡುವುದು ಅದರಿಂದಲೇ. ನಾನು ಪಂಪಿಗೆ ಬರುವ ತಂತಿಯನ್ನು ಕಳಚಿ, ಬಲ್ಬಿನ ಒಂದು ತುದಿಯನ್ನು ಅದಕ್ಕೆ ಹಿಡಿದು, ಇನ್ನೊಂದು ತುದಿಯನ್ನು ಗಾಲಿಯ ಮೇಲಿನ ಸ್ಪ್ರಿಂಗು ಪಟ್ಟಿಯ, ಅಂದರೆ ಪಾಟಾದ, ಕಬ್ಬಿಣಕ್ಕೆ ತಾಗಿಸಿ, ಮಾವನಿಗೆ ಸ್ವಿಚ್ಚು ಒತ್ತಲು ಹೇಳಿದೆ. ಬಲ್ಬು ಹತ್ತಿತು.

ಆ ಬೆಳಕನ್ನು ನಾನು ಮರೆಯಲಾರೆ. ಹಲಗೆಯ ಮೇಲಲ್ಲದೆ ನಾನು ಹತ್ತಿಸಿದ ಮೊದಲನೆಯ ದೀಪ ಅದು. ಲಾರಿಯ ಅಡಿಯಿಂದ ಹೊರಗೆ ಬಂದು, ಎದ್ದು ನಿಂತು, ಪಾಠದ ದನಿಯಲ್ಲಿ ಹೇಳಿದೆ: "ಪಂಪಿನ ತನಕ ಕರೆಂಟ್ ಬರಾಕತ್ತದ. ಬಂದರೂ ಪಂಪ್ ಓಡವಲ್ದು. ಅಂದ್ರ ಏನಾತು? ಪಂಪ್ ಸತ್ತದ."

ಅಷ್ಟರಲ್ಲಿ ಐದು ನಿಮಿಷ ಹೋಗಿ ಒಂದೂವರೆ ತಾಸಾಗಿತ್ತು. ಚೀಲ ಹೊಲಿದು ಮುಗಿಸಿದ ಅಕ್ಕ ಲಾರಿ ಯಾಕೆ ಬರಲಿಲ್ಲವೆಂದು ನೋಡಲು ನಡೆದು ಬಂದಳು. ನಾನು ಅವಳಿಗೂ ಪಂಪಿನ ಮರಣವಾರ್ತೆಯನ್ನು ತಿಳಿಸಿ, ಕರೆಂಟು ಎಲ್ಲಿಂದ ಎಲ್ಲಿಗೆ ಹೇಗೆ ಬರುತ್ತದೆ ಎಂದು ಬೆರಳಿನಿಂದ ನೆಲದ ಮೇಲೆ ಬರೆಯತೊಡಗಿದೆ. ಬ್ಯಾಟರಿ ಬರೆದು ಫ್ಯೂಸಿಗೆ ಬರುವಷ್ಟರಲ್ಲಿ ಅಕ್ಕ ಗಂಡನ ಕಡೆ ತಿರುಗಿ ಕೇಳಿದಳು:

"ಡೀಸೆಲ್ ಈ ಡಬ್ಬಿಯಾಗಿಂದು ಆ ಡಬ್ಬಿಗಿ ಹೋಗಬೇಕ್ ಹೌದಿಲ್ಲೋ?"

"ಹೌದು" ಎಂದರು ಮಾವ.

"ಪೈಪ್ ಹಚ್ಚಿ ಕೊಡದಾಗ ಇಳಿಸಿ, ಆ ಕಡಿ ಸುರುವಿದ್ರ ಹೋಗಂಗಿಲ್ಲೇನು?"

ಮಾವ ಕ್ಯಾಬಿನ್ ಹತ್ತಿ, ಸೀಟಿನ ಹಿಂದೆ ಕೈಹಾಕಿ, ಒಂದು ರಬ್ಬರಿನ ಪೈಪು ತೆಗೆದರು. ಅದರ ಜೊತೆಗೆ ಒಂದು ಆಲಿಕೆಯನ್ನೂ ತೆಗೆದರು. ಅಂದರೆ ಅವೆರಡೂ ಅಲ್ಲೇ ಇದ್ದವು. ನಾನು ಮಲಗಿ ಉಗುಳಿನಿಂದ ತಂತಿ ಒರೆಸುತ್ತಿದ್ದ ಒಂದೂವರೆ ತಾಸೂ ಅಲ್ಲೇ ಇದ್ದವು.

"ಮಾವ, ಮೊದಲೇ ಯಾಕ ಹೇಳಲಿಲ್ರಿ?" ಎಂದೆ.

ಮಾವ ಪೈಪಿನ ತುದಿಯನ್ನು ಟ್ಯಾಂಕಿಗೆ ಇಳಿಬಿಡುತ್ತ, "ನೀ ಅಷ್ಟು ಖುಷಿಲೆ ಬಿಳಿ ಅಂಗಿ ಹಾಕ್ಕೊಂಡು ತೆಳಗ ಮಲಗಿದಿ. ಹೆಂಗ ಎಬ್ಬಿಸಬೇಕಪಾ?" ಎಂದರು. ಆಮೇಲೆ ಇನ್ನೊಂದು ತುದಿಯನ್ನು ಬಾಯಿಗಿಟ್ಟು ಎಳೆದು, ಬಾಯಿಗೆ ಬಂದ ಡೀಸೆಲ್ಲನ್ನು ಉಗುಳಿದರು. ಮುಖವನ್ನು ಒಂದಿಷ್ಟೂ ಕಿವುಚಲಿಲ್ಲ. ನನ್ನ ಭಾಷಣ ಕೇಳಿದಾಗ ಕಿವುಚಿದಷ್ಟಂತೂ ಇಲ್ಲ.

ಕೊಡ ಕೊಡವಾಗಿ ಡೀಸೆಲ್ಲು ಮೊದಲನೆಯ ಟ್ಯಾಂಕಿಗೆ ದಾಟಿತು. ಮಾವ ಎಂಜಿನ್ನಿನ ಪಕ್ಕದ ಸಣ್ಣ ಗುಂಡಿಯನ್ನು ಹತ್ತಾರು ಸಲ ಒತ್ತಿ ಪೈಪುಗಳಲ್ಲಿ ಸೇರಿದ್ದ ಗಾಳಿಯನ್ನು ತೆಗೆದರು. ನಾಲಗೆಯಿಂದ ಟಕ್ ಎಂದರು. ಲಾರಿ ಹೊರಟಿತು. ಚೀಲಗಳನ್ನು ಹೇರಿದರು. ನನಗೂ ಎತ್ತಬೇಕೆನಿಸಿತು, ಆದರೆ ಅಕ್ಕ, "ನೀ ನಿಂತು ಎಣಸು ತಮ್ಮಾ, ಅದು ನಿನಗ ಬರತದ" ಎಂದಳು. ನಿಂತು ಎಣಿಸಿದೆ. ಎರಡು ಖೇಪಿನಲ್ಲಿ ಭತ್ತವೆಲ್ಲ ಮನೆಯ ಪಡಸಾಲೆ ಸೇರಿತು. ಕೊನೆಯ ಹತ್ತು ಚೀಲ ಇಳಿಸುವಾಗ ಹನಿ ಬೀಳತೊಡಗಿದವು. ಅಕ್ಕ ಬಾಗಿಲಲ್ಲಿ ನಿಂತು ಅಂಗಳಕ್ಕೆ ಸುರಿಯುವ ಮಳೆಯನ್ನು ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನ ಉಣ್ಣಾಕ ಏಳ್ರಿ" ಎಂದಳು. ಇನ್ನೊಂದು ಅರ್ಧ ತಾಸು ನಾನು ನೆಲದ ಮೇಲೆ ಚಿತ್ರ ಬರೆಯುತ್ತ ಕುಳಿತಿದ್ದರೆ ಏನಾಗುತ್ತಿತ್ತು ಎಂದು ನೆನೆದು ನನಗೆ ಮೊದಲನೆಯ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯದು ಇಳಿಯಿತು. ಹೊಸ ಅಕ್ಕಿ ಚೆನ್ನಾಗಿತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆ ಮಾಸ್ತರನ ಮಾತಿಗೆ ಇನ್ನೂ ಒಂದು ಬೆಲೆ ಇದೆ ನೋಡಿ, ಅದೇ ತೊಂದರೆ. ಪಂಪು ಸತ್ತಿದೆ ಎಂದು ನಾನು ಹೇಳಿದ್ದನ್ನು ಮಾವ ನಂಬಿದ್ದರು. ಮುಂದಿನ ವಾರ ಭತ್ತ ಹೇರಿಕೊಂಡು ರಾಯಚೂರಿಗೆ ಹೋದವರು ಅಲ್ಲಿಂದ ಹೊಸ ಪಂಪನ್ನೇ ತಂದರು. ಶಹಾಪುರದ ನಮ್ಮ ಮನೆಯ ಮುಂದೆ ಲಾರಿ ನಿಲ್ಲಿಸಿ, ಎರಡೂ ಕೈಯಲ್ಲಿ ಪಂಪು ಹಿಡಿದುಕೊಂಡು, "ನಡಿ ಮಾಸ್ತರ, ಕೂಡಿಸೂಣು. ನೀನೇ ಹೇಳಿದಿ, ನಿನ್ನ ಕೈಲೇ ಆಗಲಿ" ಎಂದರು. ಮಹಾದೇವಿ ಒಳಗಿನಿಂದ ಒಂದು ಹಳೆಯ ಲುಂಗಿ, ಹರಿದ ಬನಿಯನ್ನು ತಂದು ನನ್ನ ಮುಂದಿಟ್ಟು ಹೋದಳು. ಹಿಂದಿನ ರವಿವಾರದ ಬಿಳಿ ಅಂಗಿಯನ್ನು ಮೂರು ಸಲ ಒಗೆದಿದ್ದಳು. ಅದು ಈಗ ನೆಲ ಒರೆಸುವ ಅರಿವೆಯಾಗಿತ್ತು.

ಹೊಸ ಪಂಪು ಕೂಡಿಸಿದೆವು. ಮಾವ ಅದಕ್ಕೆ ಕುಂಕುಮ ಹಚ್ಚಿದರು. ನಾನೇ ಕ್ಯಾಬಿನ್ ಹತ್ತಿ ಸ್ವಿಚ್ಚು ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಇಲ್ಲ. ಕೆಳಗಿನಿಂದ ಮಾವ ತಣ್ಣಗೆ ಕೇಳಿದರು: "ಇದೂ ಸತ್ತಾದೇನು?"

ಮತ್ತೆ ಲಾರಿಯ ಅಡಿ ಸೇರಿ ಬಲ್ಬು ಹಿಡಿದೆ, ಬಲ್ಬು ಹತ್ತಿತು. ಕರೆಂಟು ಬರುತ್ತಿದೆ, ಪಂಪು ಹೊಸದು, ಆದರೂ ಓಡುವುದಿಲ್ಲ. ಓಣಿಯ ನಾಲ್ಕಾರು ಮಂದಿ ಬಗ್ಗಿ ನೋಡುತ್ತಿದ್ದರು. ನಮ್ಮ ಶಾಲೆಯ ಗಣಿತದ ಮಾಸ್ತರರು ಕೈಯಲ್ಲಿ ಕಾಯಿಪಲ್ಯದ ಚೀಲ ಹಿಡಿದುಕೊಂಡೇ ನಿಂತು, "ಲೆಕ್ಕ ತಪ್ಪೇದೇನ್ರಿ?" ಎಂದು ವಿಚಾರಿಸಿದರು. ಮಾವನಿಗೆ ಬೇಸರ ಬಂದಿತ್ತು. ಎತ್ತುಗಳ ಮೇಲೆ ಎಂದೂ ಕೋಲೆತ್ತದ ಮನುಷ್ಯ ಕೈಯಲ್ಲಿದ್ದ, ಬೋಲ್ಟು ಬಿಗಿಯುವ ದೊಡ್ಡ ಪಾನಾವನ್ನು ಎತ್ತಿ, "ಏಳೇ ಮಾರಾಯ್ತಿ" ಎಂದು ಪಂಪಿನ ಪಕ್ಕಕ್ಕೆ ಒಂದು ಏಟು ಹಾಕಿದರು. ಪಾನಾ ಜಾರಿ, ಪಂಪಿನ ಕಪ್ಪು ತಂತಿಯನ್ನು ಲಾರಿಯ ಚೌಕಟ್ಟಿಗೆ ಬಿಗಿದಿದ್ದ ಬೋಲ್ಟಿಗೂ ಪಕ್ಕದ ಪಾಟಾದ ಕಬ್ಬಿಣಕ್ಕೂ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿತು. ಪಂಪು ಗುಂಯ್ ಎಂದು ಓಡತೊಡಗಿತು.

"ಬಡಿದ್ರ ಕೇಳತದ ನೋಡು" ಎಂದು ಮಾವ ಪಾನಾ ತೆಗೆದರು. ಪಂಪು ನಿಂತಿತು. ಅವರು ಮತ್ತೆ ಹೊಡೆದರು, ಓಡಲಿಲ್ಲ. ಪಾನಾ ಮತ್ತೆ ಅಡ್ಡ ಸಿಕ್ಕಿಕೊಂಡಾಗ ಓಡಿತು. ಮೂರನೆಯ ಸಲ ಅದು ಓಡಿದಾಗ ನನಗೆ ತಿಳಿಯಿತು. ತಿಳಿದದ್ದು ಎಂಥ ಸಣ್ಣ ಸಂಗತಿ ಎಂದರೆ ಬರೆಯಲು ನಾಚಿಕೆಯಾಗುತ್ತದೆ. ಕರೆಂಟು ಬಂದರೆ ಸಾಲದು, ಅದಕ್ಕೆ ತಿರುಗಿ ಹೋಗಲು ದಾರಿ ಬೇಕು. ಲಾರಿಯಲ್ಲಿ ಆ ದಾರಿ ಎಂದರೆ ಲಾರಿಯ ಮೈಕಬ್ಬಿಣವೇ. ಮಿಸ್ತ್ರಿಗಳು ಅದನ್ನು ಅರ್ಥ್ ಎನ್ನುತ್ತಾರೆ. ನನ್ನ ಬಲ್ಬಿನ ಎರಡನೆಯ ತುದಿಯನ್ನು ನಾನು ತಿಕ್ಕಾಟಕ್ಕೆ ಬಣ್ಣ ಹೋಗಿದ್ದ ಪಾಟಾದ ಬರಿಯ ಕಬ್ಬಿಣಕ್ಕೆ ತಾಗಿಸಿದ್ದರಿಂದ ಬಲ್ಬು ಹತ್ತಿತ್ತು. ಪಂಪಿನ ಕಪ್ಪು ತಂತಿಯ ಬೋಲ್ಟು ಮಾತ್ರ ಬರಿಯ ಕಬ್ಬಿಣಕ್ಕೆ ತಾಗಿರಲೇ ಇಲ್ಲ. ಅದರ ಕೆಳಗೆ ಬಣ್ಣವಿತ್ತು. ದಪ್ಪವಾಗಿ, ನುಣ್ಣಗೆ, ಎರಡು ಕೈ ಬಳಿದ ಬಣ್ಣ. ಬೋಲ್ಟು ಬಿಚ್ಚಿ, ಚಾಕುವಿನಿಂದ ಬಣ್ಣ ಕೆರೆದು, ಕಬ್ಬಿಣ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದೆ. ಸ್ವಿಚ್ಚು ಒತ್ತಿದ ಕೂಡಲೇ ಪಂಪು ಓಡಿತು. ಬಿಚ್ಚಿಟ್ಟಿದ್ದ ಹಳೆಯ ಪಂಪನ್ನೂ ಕೂಡಿಸಿ ನೋಡಿದೆವು, ಅದೂ ಆರೋಗ್ಯವಾಗಿತ್ತು.

"ಅರ್ಥ್ ಇರಲಿಲ್ರಿ ಮಾವ" ಎಂದೆ.

"ನನಗೂ ಅರ್ಥ ಆಗಿರಲಿಲ್ಲ ಬಿಡು" ಎಂದು ಅವರು ಸಮಾಧಾನ ಮಾಡಿದರು.

ಮಾವ ಆಮೇಲೆ ಲುಂಗಿಯಿಂದ ಕೈ ಒರೆಸಿಕೊಳ್ಳುತ್ತ ಯೋಚನೆಗೆ ಬಿದ್ದರು. "ತೆಳಗ ಬಣ್ಣ ಹೊಡಿಸಿದ್ದು ಈ ದಸರಿಗಿ. ಆಮ್ಯಾಲ ಸುಗ್ಗಿ ಗಡಿಬಿಡ್ಯಾಗ ಸ್ವಿಚ್ ಒತ್ತೇ ಇದ್ದಿಲ್ಲ. ಬೋಲ್ಟ್ ಬಿಚ್ಚಿ ಪೂರಾ ಹೊಡಿಸ್ರಿ ಅಂತ ಯಾರೋ ಹೇಳಿದ್ರಲ್ಲ, ಯಾರವ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಗಣಿತದ ಮಾಸ್ತರರು ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಮಹಾದೇವಿಯೂ ನನ್ನನ್ನು ನೋಡಿದಳು. ಗಾಳಿ ಮತ್ತು ತೇವದಿಂದ ಕಬ್ಬಿಣ ತುಕ್ಕು ಹಿಡಿಯುತ್ತದೆ, ಆದ್ದರಿಂದ ಒಂದು ಅಂಗುಲವನ್ನೂ ಬಿಡದೆ ಬಣ್ಣ ಬಳಿಯಬೇಕು ಎಂದು ದಸರೆಯ ರಜೆಯಲ್ಲಿ ದೋರನಹಳ್ಳಿಯ ಕಟ್ಟೆಯ ಮೇಲೆ ಕುಳಿತು ಪಾಠ ಹೇಳಿದವನು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ಚಹಾ ಮಾಡಲು ಹೇಳಿದೆ.

ಮಾವ ದೊಡ್ಡ ಮನಸ್ಸಿನವರು. ಹಳೆಯ ಪಂಪನ್ನು ನನಗೇ ಕೊಟ್ಟು, "ಸಾಲಿಯಾಗ ಇಟ್ಕೊ, ಹುಡುಗರಿಗಿ ತೋರಸು" ಎಂದರು. ಈಗ ನಮ್ಮ ಶಾಲೆಯಲ್ಲಿ ನಿಜವಾಗಿ ಓಡುವ ವಿಜ್ಞಾನದ ಸಾಮಾನು ಅದೊಂದೇ. ಮಕ್ಕಳು ಬ್ಯಾಟರಿಗೆ ಎರಡು ತಂತಿ ಕೂಡಿಸಿ ಅದನ್ನು ಓಡಿಸುತ್ತಾರೆ, ಒಂದನ್ನು ಕಳಚಿ ನಿಲ್ಲಿಸುತ್ತಾರೆ. ನಾನು ಹಲಗೆಯ ಮೇಲೆ ಹದಿನಾರು ವರ್ಷ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಅವರು ಒಂದು ತಾಸಿನಲ್ಲಿ ತಿಳಿದುಕೊಂಡರೆಂದು ನನಗೆ ಅನುಮಾನವಿದೆ. ಅದನ್ನು ಹೆಡ್‌ಮಾಸ್ತರರಿಗೆ ಹೇಳಲು ಹೋಗಿಲ್ಲ.

ನನಗಂತೂ ಅಂದಿನಿಂದ ಒಂದು ಹೊಸ ಜ್ಞಾನ ಬಂತು, ಮತ್ತು ಬಂದದ್ದು ಹಾಗೆಯೇ ಉಳಿಯಿತು. ಎಲ್ಲಿ ಏನು ಕೆಟ್ಟರೂ ನಾನು ಮೊದಲು ನೋಡುವುದು ಅರ್ಥನ್ನೇ. ಮೊನ್ನೆ ಮಹಾದೇವಿ ಚಟ್ನಿ ರುಬ್ಬುತ್ತಿದ್ದಾಗ ಮಿಕ್ಸರು ನಿಂತಿತು. "ಯಾಕೋ ನಿಂತದ್ರಿ ಇದು" ಎಂದಳು. ಅವಳ ಮಾತು ಮುಗಿಯುವ ಮೊದಲೇ ನಾನು ಹಿತ್ತಲಿಗೆ ಹೋಗಿದ್ದೆ. ಮನೆಯ ಅರ್ಥಿಗಾಗಿ ನೆಲದಲ್ಲಿ ಹೂಳಿದ ಕಬ್ಬಿಣದ ಸರಳಿನ ಸುತ್ತ ಅಗೆದೆ. ತುಕ್ಕು ಕೆರೆದೆ. ತಂತಿ ಬಿಚ್ಚಿ ಉಜ್ಜಿ ಬಿಗಿದೆ. ಅಡುಗೆಮನೆಯಿಂದ ಉಪ್ಪು ಒಯ್ದು ಹಾಕಿ ಎರಡು ಕೊಡ ನೀರು ಹೊಯ್ದೆ. ಮುಕ್ಕಾಲು ತಾಸಾಯಿತು. ಮಹಾದೇವಿ ಹಿತ್ತಲ ಬಾಗಿಲಿಗೆ ಒರಗಿ ಕುಳಿತು, ಒರಳಿನಲ್ಲಿ ಚಟ್ನಿ ಕುಟ್ಟುತ್ತ ನೋಡುತ್ತಿದ್ದಳು.

"ಅರ್ಥ್ ಛಲೋ ಆತೇನ್ರಿ?" ಎಂದಳು.

"ಫಸ್ಟ್ ಕ್ಲಾಸ್ ಆಗ್ಯಾದ. ಈಗ ಹಚ್ಚು" ಎಂದೆ.

"ಹಚ್ಚತೀನ್ರಿ. ನಾಕು ಗಂಟೆಕ್ಕ ಬರತದಂತ. ಓಣಿ ತುಂಬ ಕರೆಂಟಿಲ್ಲ."

ಕೈ ತೊಳೆಯಲು ಹೋದೆ. ನಲ್ಲಿಯಲ್ಲಿ ನೀರಿರಲಿಲ್ಲ. ಯಾಕಿರಬಹುದು ಎಂದು ನನಗೆ ತಕ್ಷಣ ಒಂದು ವಿಚಾರ ಹೊಳೆಯಿತು. ಹೇಳಬೇಕೆಂದು ತಿರುಗಿದವನು ಅವಳ ಮುಖ ನೋಡಿ, ಬಕೆಟ್ಟಿನ ತಳದಲ್ಲಿದ್ದ ನೀರಿನಲ್ಲೇ ಕೈ ಅದ್ದಿಕೊಂಡೆ.